ಮರುಪೂಜೆಯವರೆಗೆ ಮುಟ್ಟಬೇಡಿ

ಊಟದ ಡಬ್ಬಿಯಷ್ಟು ದಪ್ಪದ ಕರಿಯ ಡಿಸ್ಕ್ ಅದು. ಒಂಬತ್ತು ವರ್ಷ ಪ್ರತಿ ಸಂಜೆ ಐದೂವರೆಗೆ ಅದರ ತಂತಿಯನ್ನು ಸರ್ವರಿನಿಂದ ಕಿತ್ತು, ಹಳೇ ಟವಲಿನಲ್ಲಿ ಸುತ್ತಿ, ಕಾರ್ಖಾನೆಯ ಅಂಗಳ ದಾಟಿ ಸ್ಟೋರಿನ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಆ ಹೊತ್ತಿಗೆ ಅಂಗಳದಲ್ಲಿ ಚಹಾ ಕುಡಿಯುತ್ತ ನಿಂತಿರುತ್ತಿದ್ದ ಎರಡನೇ ಪಾಳಿಯವರು, "ಏನ್ ಸಾರ್, ಮಗೂನ ಮಲಗ್ಸಕ್ಕೆ ಹೊಂಟ್ರಾ?" ಎಂದು ಕಿಚಾಯಿಸುತ್ತಿದ್ದರು. ನಾನೂ ನಗುತ್ತಿದ್ದೆ. ಯಾಕೆ ಹೀಗೆ ಹೊತ್ತುಕೊಂಡು ಹೋಗುತ್ತೇನೆಂದು ಅವರಲ್ಲಿ ಯಾರೂ ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ.

ಹೊಸೂರಿನ ಕೈಗಾರಿಕಾ ವಸಾಹತಿನಲ್ಲಿ, ಗಾಡಿಗಳ ಬ್ರೇಕಿಗೆ ಬೇಕಾದ ಸಣ್ಣ ಸಣ್ಣ ಉಕ್ಕಿನ ಬಿಡಿಭಾಗ ಮಾಡುವ ಕಾರ್ಖಾನೆ ನಮ್ಮದು. ಯಾವ ಯಂತ್ರ ಹೇಗೆ ಕೊರೆಯಬೇಕು ಎನ್ನುವ ಪ್ರೋಗ್ರಾಂ, ನಕ್ಷೆ, ಹೊರಗೆ ಹೋದ ಒಂದೊಂದು ಬಿಡಿಭಾಗದ ಅಳತೆ, ಎಲ್ಲವೂ ಆ ಒಂದು ಸರ್ವರಿನಲ್ಲಿತ್ತು. ಅದರ ನಕಲು ಈ ಡಿಸ್ಕಿನಲ್ಲಿ. ಹೊರಗಿನ ಕಳ್ಳರು ಇಂಟರ್‌ನೆಟ್ಟಿನ ದಾರಿಯಿಂದ ಒಳಗೆ ನುಗ್ಗಿದರೆ ತಂತಿಯಿಂದ ಸೇರಿಕೊಂಡಿರುವುದನ್ನೆಲ್ಲ ಹಾಳು ಮಾಡುತ್ತಾರೆ, ತಂತಿ ಕಿತ್ತಿಟ್ಟದ್ದು ಉಳಿಯುತ್ತದೆ. ವಿಷಯ ಇಷ್ಟೇ. ಈಗ ಒಂದು ಸಾಲಿನಲ್ಲಿ ಬರೆದುಬಿಟ್ಟೆ ನೋಡಿ. ಆಗ ಇದನ್ನು ಹೇಳುವುದಕ್ಕೆ ನನಗೆ ಹದಿನೆಂಟು ಸ್ಲೈಡು ಬೇಕಾಗಿದ್ದವು, ಆದರೂ ಹೇಳಿದಂತಾಗಲಿಲ್ಲ.

ನಾನು ಉದ್ದನಪಲ್ಲಿ ಕಡೆಯವನು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಇಸ್ಕೂಲಿನಲ್ಲಿ ತಮಿಳು. ಕೃಷ್ಣಗಿರಿಯಲ್ಲಿ ಡಿಪ್ಲೊಮಾ ಮಾಡಿದ್ದೂ ತಮಿಳಿನ ಹುಡುಗರ ಜೊತೆಗೇ. ಇಂಗ್ಲಿಷನ್ನು ನಾನೊಬ್ಬನೇ ಕೂತು, ತಿದ್ದಿಕೊಂಡು, ಕನ್ನಡಿಯ ಮುಂದೆ ಬಾಯಿ ತಿರುಗಿಸಿ ಕಲಿತೆ. ಅದಕ್ಕೇ ಅದರ ಮೇಲೆ ನನಗೆ ಅಷ್ಟೊಂದು ಮೋಹ. ಈ ಕೆಲಸ ಕೊಡಿಸಿದವನು ನನ್ನ ಅಕ್ಕನ ಗಂಡ. ಡೆಂಕಣಿಕೋಟೆ ಕಾಡಂಚಿನ ಊರಿನವನು, ನಮ್ಮಲ್ಲಿ ಎರಡನೇ ಪಾಳಿಯಲ್ಲಿ ಯಂತ್ರ ನಡೆಸುತ್ತಿದ್ದ. "ನಮ್ ಭಾಮೈದ ಕಂಪ್ಯೂಟ್ರು ಓದವ್ನೆ, ಒಂದ್ ಕಿತ ನೋಡಿ ಯಜಮಾನ್ರೇ" ಎಂದು ಮಾಲೀಕರ ಮುಂದೆ ಕೈಕಟ್ಟಿ ನಿಂತು ಕೇಳಿದ್ದನಂತೆ. ಅವನ ಮಾತಿನ ಮೇಲೆ ನಂಬಿಕೆಯಿಟ್ಟು ಅವರು ನನ್ನನ್ನು ಸೇರಿಸಿಕೊಂಡರು.

ಮಾಲೀಕರು ತೊರಪಲ್ಲಿ ಕಡೆಯವರು, ನಮ್ಮಂತೆಯೇ ಹೊಲದಿಂದ ಬಂದವರು. ತಗಡಿನ ಶೆಡ್ಡಿನಲ್ಲಿ ಒಂದೇ ಒಂದು ಲೇತ್ ಇಟ್ಟುಕೊಂಡು ಶುರು ಮಾಡಿದ್ದರು. ಬೆಳಿಗ್ಗೆ ಬಂದ ಕೂಡಲೇ ಚಪ್ಪಲಿ ಬಿಟ್ಟು, ಆ ಹಳೆಯ ಲೇತನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೇ ಮುಂದಿನ ಕೆಲಸ. ತಮಿಳರು ಅವರನ್ನು ಮುದಲಾಳಿ ಎನ್ನುತ್ತಿದ್ದರು, ನಾವು ಯಜಮಾನ್ರು. ಲೆಕ್ಕಕ್ಕೆ ಈಗ ಕಾರ್ಖಾನೆ ನಡೆಸುತ್ತಿದ್ದುದು ಅವರ ಮಗಳು. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಹೊರಗೆ ಓದಿ ಬಂದವರು, ಚುರುಕು, ಯಾರನ್ನೂ ಗದರಿದವರಲ್ಲ. ಮೀಟಿಂಗುಗಳನ್ನು ಅವರು ಇಂಗ್ಲಿಷಿನಲ್ಲಿ ನಡೆಸುತ್ತಿದ್ದರು. ನನಗೋ ಅದೇ ಬೇಕಾಗಿತ್ತು.

ಆ ವರ್ಷ, ಆಯುಧಪೂಜೆಗೆ ಎರಡು ತಿಂಗಳ ಮುಂಚೆ, ದೊಡ್ಡ ಗಿರಾಕಿ ಕಂಪನಿಯೊಂದರಿಂದ ಪತ್ರ ಬಂತು. ನಿಮ್ಮ ಕಂಪ್ಯೂಟರುಗಳ ಸುರಕ್ಷತೆಯ ಬಗ್ಗೆ ನಿಮ್ಮ ಆಡಳಿತ ವರ್ಗಕ್ಕೆ ತಿಳಿವಳಿಕೆ ಕೊಟ್ಟಿದ್ದೀರಾ ಎಂದು ಕೇಳಿದ್ದರು. ಮಗಳು ನನ್ನನ್ನು ಕರೆದು, ಒಂದು ಗಂಟೆ ಸಮಯ ಕೊಡುತ್ತೇನೆ, ಅಪ್ಪನೂ ಬರುತ್ತಾರೆ, ಇರುವ ಅಪಾಯವನ್ನೆಲ್ಲ ಹೇಳಿ ಎಂದರು. ಒಂಬತ್ತು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಹದಿನೈದು ದಿನ ನೆಲದ ಮೇಲೆ ಕಾಲಿರಲಿಲ್ಲ ನನಗೆ.

ಮೀಟಿಂಗಿನ ಹಿಂದಿನ ಭಾನುವಾರ ಅಕ್ಕನ ಊರಿಗೆ ಹೋಗಿದ್ದೆ. ಸಂಜೆ ಭಾವನೂ ನಾನೂ ಜಗಲಿಯ ಮೇಲೆ ಕೂತಿದ್ದಾಗ ಕಾಡು ಕಾಯುವವನೊಬ್ಬ ಸೈಕಲ್ ತಳ್ಳಿಕೊಂಡು ಬಂದ. "ಆನೆ ಬಂದವೆ. ಕೆರೆ ಮಗ್ಗುಲಾಗೆ ಮೂರು. ಹೊಲದ್ ತಾವ ಯಾರೂ ಹೋಗ್ಬ್ಯಾಡಿ" ಎಂದು ಹೇಳಿ ಮುಂದಿನ ಮನೆಗೆ ಹೋದ. ಭಾವ ಎದ್ದು, ಒಳಗೆ ದೇವರಿಗೆ ದೀಪ ಹಚ್ಚುತ್ತಿದ್ದ ತನ್ನ ಅಪ್ಪನನ್ನು ಕೂಗಿದ. ಮುದುಕ ದೀಪವನ್ನು ಅರ್ಧಕ್ಕೇ ಬಿಟ್ಟು ಬಂದು ದನದ ಹಟ್ಟಿಯ ಬಾಗಿಲು ಹಾಕಿದ. ಐದು ನಿಮಿಷದಲ್ಲಿ ಊರಿಗೆ ಊರೇ ಎಚ್ಚರವಾಗಿತ್ತು. ಮೀಟಿಂಗಿನಲ್ಲೂ ಹೀಗೇ, ಆನೆ ಬಂತು ಎನ್ನುವಂತೆ ಹೇಳಿದರೆ ಹೇಗೆ ಎಂದು ಒಂದು ಗಳಿಗೆ ನನಗೂ ಅನ್ನಿಸಿತು. ಮನೆಗೆ ಬಂದು ಮೊದಲನೇ ಸ್ಲೈಡಿನಲ್ಲಿ ಕನ್ನಡದಲ್ಲೇ ಬರೆದೆ: 'ಆ ಡಿಸ್ಕಿನ ತಂತಿ ಸಂಜೆ ಕೀಳದಿದ್ದರೆ ನಾವು ಮುಳುಗಿದೆವು.' ಓದಿಕೊಂಡೆ. ಹಳ್ಳಿಗಮಾರನ ಮಾತಿನಂತೆ ಕಂಡಿತು. ಆನೆ, ಹಟ್ಟಿ ಎಂದರೆ ಮೇಡಂ ಏನೆಂದುಕೊಂಡಾರು ಎಂದು ನಾಚಿಕೆಯೂ ಆಯಿತು. ಅಳಿಸಿಬಿಟ್ಟೆ.

ಆ ಸಾಲನ್ನು ಅಳಿಸಿದ ಬೆರಳನ್ನು ಈಗಲೂ ಒಮ್ಮೊಮ್ಮೆ ನೋಡಿಕೊಳ್ಳುತ್ತೇನೆ.

ಮೀಟಿಂಗಿನಲ್ಲಿ ನಾನು ಮಾತಾಡಿದ ಇಂಗ್ಲಿಷ್ ನನ್ನ ಜೀವಮಾನದಲ್ಲೇ ಚೆನ್ನಾದದ್ದು, ಅದರಲ್ಲಿ ಅನುಮಾನವಿಲ್ಲ. ಒಂದು ಕಡೆಯೂ ತಡವರಿಸಲಿಲ್ಲ. ಅಪಾಯ ಎಷ್ಟೆಂದು ತೋರಿಸುವ ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿ, ಬಾಣದ ಗುರುತು, ವೃತ್ತದೊಳಗೆ ವೃತ್ತ. ಯಂತ್ರ ರಿಪೇರಿಯವರು ದೂರದಿಂದಲೇ ನಮ್ಮ ಸರ್ವರಿನೊಳಗೆ ಬರಲೆಂದು ತೆರೆದಿಟ್ಟ ದಾರಿಯನ್ನು ಮುಚ್ಚಿಯೇ ಇಲ್ಲ ಎನ್ನುವುದು ಹನ್ನೊಂದನೇ ಸ್ಲೈಡಿನಲ್ಲಿತ್ತು. ಇಡೀ ಕಂಪನಿಯ ಜೀವ ಒಂದೇ ಡಿಸ್ಕಿನಲ್ಲಿದೆ, ಇನ್ನೊಂದು ಬೇಕು ಎನ್ನುವುದು ಹದಿನಾಲ್ಕರಲ್ಲಿ. ಆ ಡಿಸ್ಕಿಗೆ ಸಂಜೆ ತಂತಿ ಇರಬಾರದು ಎನ್ನುವ ಮಾತು ಆ ಸ್ಲೈಡಿನ ಅಡಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಮೂರು ಇಂಗ್ಲಿಷ್ ಪದಗಳಾಗಿ ಕೂತಿತ್ತು.

ಯಜಮಾನರು ಮೇಜಿನ ತುದಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆಯಲ್ಲ, ಕೇಳಿಸಿಕೊಳ್ಳಲು ಒದ್ದಾಡುತ್ತಿದ್ದರು.

ಹದಿನಾಲ್ಕನೆಯದು ಬಂದಾಗ ಮೇಡಂ ತಡೆದರು. "ಇದಕ್ಕೆ ಕೆಂಪು ಯಾಕೆ ಹಾಕಿದ್ದೀರಿ? ಇದು ಆಗೇ ಆಗುತ್ತೆ ಅಂತಲೋ, ಆಗಬಹುದು ಅಂತಲೋ?"

ಎಂಥ ನೇರವಾದ ಪ್ರಶ್ನೆ! ಆಗಬಹುದು ಮೇಡಂ, ಆದರೆ ಆದ ದಿನ ಬಾಗಿಲು ಹಾಕಬೇಕಾಗುತ್ತದೆ ಎಂದಿದ್ದರೆ ಮುಗಿದಿತ್ತು. ನಾನು ಪುಸ್ತಕದಂತೆ ಉತ್ತರಿಸಿದೆ, ಲೈಕ್ಲಿಹುಡ್ ಮೀಡಿಯಂ, ಇಂಪ್ಯಾಕ್ಟ್ ಕ್ರಿಟಿಕಲ್ ಎಂದು. ಅವರು ಒಂದು ಕ್ಷಣ ಯೋಚಿಸಿ, "ಹಾಗಾದ್ರೆ ಸದ್ಯಕ್ಕೆ ಹಳದಿ ಮಾಡೋಣ್ವಾ? ಡಿಸ್ಕನ್ನು ಮುಂದಿನ ವರ್ಷಕ್ಕೆ ನೋಡೋಣ" ಎಂದರು. ನಾನು ಆಗಲಿ ಎಂದೆ. ಅಲ್ಲೇ, ಅವರ ಎದುರಿಗೇ, ಆ ಚೌಕವನ್ನು ನನ್ನ ಕೈಯಿಂದಲೇ ಹಳದಿ ಮಾಡಿದೆ.

ಕೊನೆಗೆ ಯಜಮಾನರು ಕಣ್ಣು ಬಿಟ್ಟು ಕನ್ನಡದಲ್ಲಿ ಕೇಳಿದರು. "ಭೇಷಾಗಿ ಮಾತಾಡ್ದೆ ಕಣಪ್ಪ. ಒಟ್ನಾಗೆ ನಮ್ ಕಂಪ್ಯೂಟ್ರೆಲ್ಲ ಚೆನ್ನಾಗವೆ ತಾನೆ?"

"ಅವೆ ಯಜಮಾನ್ರೇ" ಎಂದೆ.

ಹದಿನೆಂಟು ಸ್ಲೈಡಿನ ಮೇಲೆ ನೀರು ಸುರಿದ ಉತ್ತರ ಅದು. ಹೆದರಿ ಹೇಳಿದ್ದಲ್ಲ. ದೊಡ್ಡವರು ಚೆನ್ನಾಗಿದೆಯಾ ಎಂದು ಕೇಳಿದರೆ ಚೆನ್ನಾಗಿದೆ ಎನ್ನುವುದು ನಮ್ಮ ಕಡೆಯ ರೂಢಿ. ಹೊಲದಲ್ಲಿ ಪೈರು ಒಣಗಿದ್ದರೂ ಹಾಗೇ ಅನ್ನುತ್ತೇವೆ. ಆಮೇಲೆ ಸಮಯ ನೋಡಿ ನಿಜ ಹೇಳುವುದು. ಆ ಸಮಯ ಸಿಗುತ್ತದೆಂದುಕೊಂಡೆ.

ಆಯುಧಪೂಜೆ ಶುಕ್ರವಾರ ಬಂತು. ನಮ್ಮ ಕಾರ್ಖಾನೆಯಲ್ಲಿ ಅದು ವರ್ಷದ ದೊಡ್ಡ ದಿನ. ಹಿಂದಿನ ದಿನವೇ ಯಂತ್ರಗಳನ್ನೆಲ್ಲ ಉಜ್ಜಿ, ಬಾಳೆಕಂದು ಕಟ್ಟಿ, ಮಾವಿನ ತೋರಣ ಬಿಗಿದಿದ್ದರು. ಯಜಮಾನರದು ಒಂದು ಕಟ್ಟುನಿಟ್ಟು. ಬೀಗದೊಳಗೆ ಯಾವ ಆಯುಧವೂ ಇರಬಾರದು, ಎಲ್ಲವೂ ಪೂಜೆಗೆ ಬರಬೇಕು. ಪೂಜೆಯಾದ ಮೇಲೆ, ರಜೆ ಮುಗಿದು ಕಾರ್ಖಾನೆ ತೆರೆಯುವ ಬೆಳಿಗ್ಗೆ ಮರುಪೂಜೆ ಆಗುವವರೆಗೆ, ಇಟ್ಟದ್ದನ್ನು ಯಾರೂ ಅಲ್ಲಾಡಿಸಬಾರದು. ಸ್ಪ್ಯಾನರಿನಿಂದ ಹಿಡಿದು ಬಸ್ಸಿನವರೆಗೆ ಎಲ್ಲಕ್ಕೂ ಇದೇ ನಿಯಮ.

ಸ್ಟೋರಿನವನು ಅಳತೆಯ ಗೇಜುಗಳನ್ನೆಲ್ಲ ಬೀರುವಿನಿಂದ ತೆಗೆದು ಹಲಗೆಯ ಮೇಲೆ ಜೋಡಿಸಿದ. ಪ್ರತಿ ವರ್ಷ ಬೀರುವಿನ ಮೂಲೆಯಲ್ಲೇ ಉಳಿಯುತ್ತಿದ್ದ ಟವಲಿನ ಗಂಟೂ ಆ ಸಲ ಅವುಗಳ ಜೊತೆ ಬಂತು. ಕುಂಕುಮದ ಬಟ್ಟಲು ಹಿಡಿದಿದ್ದ ಯಜಮಾನರು ಅದನ್ನು ನೋಡಿ, "ಇದೇನ್ಲಾ?" ಎಂದರು.

"ಕಂಪ್ಯೂಟ್ರು ಲೆಕ್ಕ ಪತ್ರದ ನಕಲು ಯಜಮಾನ್ರೇ. ಸರ್ವರಿಂದು" ಎಂದೆ ನಾನು.

"ಅದರ್ದೇ ಮರೀನಾ? ಮತ್ಯಾಕೆ ಇಲ್ಲಿ ಒಂಟಿಯಾಗ್ ಮಡಗಿದ್ದೀಯ? ಪೂಜೆ ದಿನ ತಾಯಿ ಮಗೂನ ಅಗಲಿಸ್ಬಾರ್ದು. ತಗಂಬಾ."

ಅವರೇ ಮುಂದೆ ನಡೆದರು. ಸರ್ವರಿರುವ ಸಣ್ಣ ಕೋಣೆಯಲ್ಲಿ ಡಿಸ್ಕನ್ನು ಅದರ ಪಕ್ಕಕ್ಕಿಟ್ಟೆ. ಆ ದಿನದ ನಕಲನ್ನೂ ತೆಗೆಯಬೇಕಿತ್ತು, ಅದಕ್ಕೆ ತಂತಿ ಸಿಕ್ಕಿಸಿದೆ. ಪೂಜೆ ಮುಗಿಯುವಷ್ಟರಲ್ಲಿ ನಕಲೂ ಮುಗಿಯುತ್ತದೆ, ಡಿಸ್ಕನ್ನು ಅಲ್ಲಾಡಿಸದೆ ತಂತಿಯಷ್ಟೇ ಕಿತ್ತುಕೊಂಡರಾಯಿತು ಎಂದುಕೊಂಡೆ. ಯಜಮಾನರು ಎರಡಕ್ಕೂ ಗಂಧ ಹಚ್ಚಿ, ಕುಂಕುಮವಿಟ್ಟು, ಎರಡನ್ನೂ ಸೇರಿಸಿ ಒಂದೇ ಚೆಂಡುಹೂವಿನ ಹಾರ ಹಾಕಿದರು. ಬಾಗಿಲಲ್ಲಿ ಭಾವ ಒಡೆಯಬೇಕಾದ ಬೂದುಗುಂಬಳವನ್ನು ತೋಳಿನಲ್ಲಿ ಹಿಡಿದು ನಿಂತಿದ್ದ. ಅವನ ಹಿಂದೆ ಮೇಡಂ ಪುರಿ ಕಡಲೆಯ ತಟ್ಟೆ ಹಿಡಿದಿದ್ದರು. ಕರ್ಪೂರ ಉರಿಯಿತು.

"ಇನ್ನು ಸೋಮವಾರ ಬೆಳಿಗ್ಗೆ ಮರುಪೂಜೆವರ್ಗೂ ಯಾರೂ ಮುಟ್ಬ್ಯಾಡಿ" ಎಂದರು ಯಜಮಾನರು.

ಯಂತ್ರಗಳನ್ನೆಲ್ಲ ನಿಲ್ಲಿಸಿದ್ದರು. ಸರ್ವರನ್ನು ನಿಲ್ಲಿಸುವಂತಿರಲಿಲ್ಲ, ಗಿರಾಕಿಗಳ ಪತ್ರಗಳು ಅದರ ಮೂಲಕವೇ ಬರಬೇಕು. ಹಾರದ ಕೆಳಗೆ ಡಿಸ್ಕಿನ ಹಸಿರು ದೀಪ ಮಿಣುಕುತ್ತಿತ್ತು. ಯಜಮಾನ್ರೇ, ತಂತಿಯೊಂದನ್ನು ಕೀಳಬೇಕು ಎಂದು ಹೇಳಬೇಕಿತ್ತು. ಬಾಯಿಯವರೆಗೂ ಬಂತು. ಯಾಕೆ ಎಂದು ಕೇಳುತ್ತಾರೆ. ಆಗ ಒಂದೂವರೆ ತಿಂಗಳ ಹಿಂದೆ ನಾನೇ ಚೆನ್ನಾಗವೆ ಎಂದಿದ್ದರ ಗತಿಯೇನು? ಅಷ್ಟು ಜನರ ಮುಂದೆ, ಅವರು ಹಾಕಿದ ಹಾರವನ್ನು ಸರಿಸಿ, ಇಂಗ್ಲಿಷಿನಲ್ಲಿ ಮಾತ್ರ ಹೇಳಿ ಅಭ್ಯಾಸವಿರುವ ಮಾತನ್ನು ಕನ್ನಡದಲ್ಲಿ ಎಲ್ಲಿಂದ ಶುರು ಮಾಡಲಿ? ಮೂರು ದಿನ ತಾನೆ ಎಂದುಕೊಂಡೆ. ಅವರು ನನ್ನ ಅಂಗೈಗೆ ತೀರ್ಥ ಹಾಕಿದರು. ಕುಡಿದು ತಲೆಗೆ ಒರೆಸಿಕೊಂಡೆ. ಹೊರಗೆ ಭಾವ ಕುಂಬಳಕಾಯಿ ಒಡೆದ, ಎಲ್ಲರೂ ಚಪ್ಪಾಳೆ ತಟ್ಟಿದರು.

ಸೋಮವಾರ ಬೆಳಿಗ್ಗೆ ಮರುಪೂಜೆಗೆ ನಾನು ಬೇಗ ಬಂದೆ. ಹಾರ ಬಾಡಿತ್ತು. ಯಜಮಾನರು ಆರತಿ ತಟ್ಟೆಯೊಂದಿಗೆ ಒಳಗೆ ಬಂದಾಗ ನಾನು ಪರದೆಯ ಮುಂದೆ ನಿಂತಿದ್ದೆ. ಕಪ್ಪು ಪರದೆ, ಅದರ ಮೇಲೆ ಇಂಗ್ಲಿಷಿನಲ್ಲಿ ಎಂಟು ಸಾಲು. ಎಷ್ಟು ಸ್ಪಷ್ಟವಾಗಿ ಬರೆದಿದ್ದರು ಕಳ್ಳರು! ಒಂದು ಪದವೂ ಹೆಚ್ಚಿರಲಿಲ್ಲ.

"ಏನ್ ಬರ್ದೈತೆ?" ಎಂದರು ಯಜಮಾನರು.

ಆವತ್ತು ಮೊದಲ ಸಲ ನಾನು ಅವರಿಗೆ ಈ ವಿಷಯವನ್ನು ಕನ್ನಡದಲ್ಲಿ ಹೇಳಿದೆ. "ಕಳ್ರು ಒಳಕ್ ಬಂದವ್ರೆ ಯಜಮಾನ್ರೇ. ರಿಪೇರಿಯವ್ರು ಬರೋ ದಾರೀಲೇ ಬಂದು ನಮ್ಮದ್ನೆಲ್ಲ ಬೀಗ ಹಾಕ್ಬುಟ್ಟವ್ರೆ. ಬೀಗದ ಕೈ ಬೇಕಂದ್ರೆ ದುಡ್ಡು ಕೊಡ್ಬೇಕಂತೆ."

"ನಕಲು ಐತಲ್ಲ?"

"ಅದ್ಕೂ ಹಾಕವ್ರೆ."

"ಅದ್ಯಾಕೆ? ಅದು ಬೇರೆ ಅಲ್ವಾ?"

"ತಂತಿ ಸೇರ್ಸಿತ್ತು. ದಿನಾ ಸಾಯಂಕಾಲ ನಾನು ಅದ್ನ ಕಿತ್ತು ಬೀರುನಾಗೆ ಮಡಗ್ತಿದ್ದುದು ಇದ್ಕೇಯ."

ಅವರು ಹಾರವನ್ನು ನೋಡಿದರು, ಹಾರದೊಳಗಿಂದ ಹೊರಬಂದ ತಂತಿಯನ್ನು ನೋಡಿದರು. ಅರ್ಥವಾಗಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ತಟ್ಟೆಯಲ್ಲಿ ಕರ್ಪೂರ ತಾನೇ ಉರಿದು ಆರಿತು.

"ನಾನು ಮುಟ್ಬ್ಯಾಡಿ ಅಂದಿದ್ಕಾ?" ಎಂದರು.

ಅಲ್ಲ ಎನ್ನಬೇಕಿತ್ತು. ತಪ್ಪು ನಿಮ್ಮದಲ್ಲ, ನನ್ನದು ಎನ್ನಬೇಕಿತ್ತು. ನಾನು ತಲೆ ತಗ್ಗಿಸಿದೆ. ಅದನ್ನು ಅವರು ಹೌದು ಎಂದುಕೊಂಡರು.

ಆಮೇಲಿನದೆಲ್ಲ ಸೂತಕದ ಮನೆಯ ಓಡಾಟ. ಪೊಲೀಸರಿಗೆ ದೂರು ಕೊಟ್ಟೆವು, ಬೆಂಗಳೂರಿನಿಂದ ತಿಳಿದವರು ಬಂದು ನೋಡಿ ತಲೆಯಾಡಿಸಿ ಹೋದರು. ಮೇಡಂ ಕಳ್ಳರಿಗೆ ದುಡ್ಡು ಕೊಡಲು ಒಪ್ಪಲಿಲ್ಲ, ಕೊಟ್ಟರೂ ಬಿಡುತ್ತಾರೆಂಬ ಖಾತ್ರಿಯಿರಲಿಲ್ಲ. ತಯಾರಾಗಿದ್ದ ಮಾಲು ಪೆಟ್ಟಿಗೆಯಲ್ಲೇ ಉಳಿಯಿತು. ಅಳತೆಯ ದಾಖಲೆ ಇಲ್ಲದ ಬ್ರೇಕಿನ ಬಿಡಿಭಾಗವನ್ನು ಯಾರು ತೆಗೆದುಕೊಳ್ಳುತ್ತಾರೆ? ಹಳೆಯ ಕಾಗದದ ನಕ್ಷೆ ಹುಡುಕಿ ಒಂದೊಂದೇ ಯಂತ್ರಕ್ಕೆ ಪ್ರೋಗ್ರಾಂ ಮತ್ತೆ ಬರೆದರು. ನಕ್ಷೆಯಲ್ಲಿ ಇಲ್ಲದ್ದನ್ನು ಭಾವ ಮತ್ತು ಅವನ ಜೊತೆಯವರು ಬೆರಳಿನ ನೆನಪಿನಿಂದ ಹೇಳಿದರು. ಮಧ್ಯೆ ಒಂದು ದಿನ ಮೇಡಂ ನನ್ನನ್ನು ಕರೆದರು. ನಾನು ಸ್ಲೈಡುಗಳ ಪ್ರಿಂಟು ತೆಗೆದುಕೊಂಡು ಹೋದೆ, ಹನ್ನೊಂದನೆಯದನ್ನೂ ಹದಿನಾಲ್ಕನೆಯದನ್ನೂ ಮುಂದಿಟ್ಟೆ. ನಾನು ಹೇಳಿದ್ದೆ ಮೇಡಂ ಎಂದೆ.

ಅವರು ಬಹಳ ಹೊತ್ತು ಓದಿದರು. "ಇದು ಹಳದಿ ಇದೆ" ಎಂದರು ಮೆಲ್ಲಗೆ. "ನಾನು ಕೇಳಿದೆ, ನೀವು ಒಪ್ಪಿದಿರಿ. ಇಷ್ಟು ದೊಡ್ಡದು ಅಂತ ಗೊತ್ತಿದ್ದವರು ನೀವೊಬ್ಬರೇ ಅಲ್ವಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಕಾಗದಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟರು.

ದೊಡ್ಡ ಗಿರಾಕಿ ಬೇರೆ ಕಡೆ ಹೋದ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಎರಡನೇ ಪಾಳಿ ನಿಲ್ಲಿಸುವುದೆಂದಾಯಿತು. ಅದರ ನೋಟಿಸನ್ನು ತಮಿಳಿನಲ್ಲಿ ಟೈಪು ಮಾಡಬೇಕಾಗಿತ್ತು. ಕಾರ್ಖಾನೆಯಲ್ಲಿ ತಮಿಳು ಟೈಪಿಂಗ್ ಚೆನ್ನಾಗಿ ಬರುತ್ತಿದ್ದುದು ನನಗೆ. ನಾಲ್ಕು ಸಾಲು, ಕೆಳಗೆ ಹೆಸರುಗಳ ಪಟ್ಟಿ. ಭಾವನ ಹೆಸರನ್ನು ಟೈಪು ಮಾಡುವಾಗ ಅಕ್ಷರ ತಪ್ಪಿತು, ಅಳಿಸಿ ಮತ್ತೆ ಹೊಡೆದೆ. ನೋಟಿಸು ಹಚ್ಚಿದಾಗ ಎಲ್ಲರೂ ಬಂದು ಓದಿದರು. ಓದಲು ಬಾರದವರಿಗೆ ಪಕ್ಕದವರು ಹೇಳಿದರು. ಯಾರಿಗೂ ಅನುಮಾನ ಬರಲಿಲ್ಲ, ಯಾರೂ ಏನೂ ಕೇಳಲಿಲ್ಲ. ನಾನು ಬರೆದದ್ದರಲ್ಲಿ ಎಲ್ಲರಿಗೂ ಒಂದೇ ಸಲಕ್ಕೆ ಅರ್ಥವಾದದ್ದು ಅದೊಂದೇ.

ಡೆಂಕಣಿಕೋಟೆ ಕಡೆಯವರನ್ನು ಕರೆತರುತ್ತಿದ್ದ ಕಾರ್ಖಾನೆಯ ಬಸ್ಸೂ ನಿಂತಿತು. ಈಗ ಎರಡು ಡಿಸ್ಕುಗಳಿವೆ. ಮಧ್ಯಾಹ್ನ ಮೂರಕ್ಕೆಲ್ಲ ಅಂಗಳ ಬರಿದಾಗುತ್ತದೆ, ಸಂಜೆ ನಾನು ಟವಲಿನ ಗಂಟು ಹಿಡಿದು ಹೋಗುವಾಗ ಕಿಚಾಯಿಸುವವರಿಲ್ಲ. ಯಜಮಾನರು ಬರುವುದನ್ನೇ ಕಡಿಮೆ ಮಾಡಿದ್ದಾರೆ. ಬಂದ ದಿನವೂ ಹಳೆಯ ಲೇತಿನ ಮುಂದೆ ನಿಂತು, ಕೈ ಮುಂದೆ ಚಾಚಿ, ಹಾಗೇ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಅದನ್ನು ನೋಡಲಾರದೆ ನಾನು ಬೇರೆ ಬಾಗಿಲಿನಿಂದ ಓಡಾಡುತ್ತೇನೆ.

ಅಕ್ಕನ ಮನೆಗೆ ಹೋಗದೆ ಎಷ್ಟು ದಿನ ತಪ್ಪಿಸಿಕೊಳ್ಳಲಿ? ಕಳೆದ ತಿಂಗಳು ಅವಳೇ ಫೋನು ಮಾಡಿ, ನಮ್ ಮೇಲೇನ್ಲಾ ಕ್ವಾಪ ನಿಂಗೆ ಎಂದಳು. ಹೋದೆ. ಭಾವ ಈಗ ಗುಲಾಬಿಯ ಗ್ರೀನ್‌ಹೌಸಿನಲ್ಲಿ ಕೂಲಿಗೆ ಹೋಗುತ್ತಾನೆ. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಿನಲ್ಲೇ ಹೇಳುತ್ತಿದ್ದವನ ಕೈತುಂಬ ಮುಳ್ಳಿನ ಗೀರು. ಊಟಕ್ಕೆ ಕೂತೆವು. ಅಕ್ಕ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು.

"ನಿಜವಾಗ್ಲೂ ಏನ್ಲಾ ಆಗಿದ್ದು?" ಎಂದ ಭಾವ. "ಒಬ್ಬೊಬ್ರು ಒಂದೊಂದ್ ತರ ಹೇಳ್ತಾರೆ. ನಿನ್ ಬಾಯಾಗೆ ಕೇಳನಾ ಅಂತ ಕಾದಿದ್ದೆ."

ತಟ್ಟೆ ನೋಡಿಕೊಂಡೇ ಹೇಳಿದೆ. "ಕಳ್ರು ಕಂಪ್ಯೂಟ್ರೊಳಕ್ಕೆ ನುಗ್ಗಿದ್ರು ಭಾವ. ತಂತಿ ಸೇರ್ಸಿದ್ನೆಲ್ಲ ಹಾಳ್ ಮಾಡಿದ್ರು. ಆ ಕರೀ ಡಬ್ಬದ ತಂತಿ ಕಿತ್ತಿದ್ರೆ ಉಳ್ಕಂತಿತ್ತು. ಪೂಜೆಗೆ ಮಡಗವ್ರೆ, ಮುಟ್ಬಾರ್ದು ಅಂತ ನಾನು ಕೀಳ್ಲಿಲ್ಲ."

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟ.

"ಅಷ್ಟೇನಾ?"

"ಅಷ್ಟೇ."

"ಆವತ್ತು ಬಾಗ್ಲಾಗೆ ಕುಂಬ್ಳಕಾಯಿ ಹಿಡ್ಕಂಡು ನಾನೇ ನಿಂತಿದ್ನಲ್ಲೋ. ನನ್ ಕಿವೀಲಿ ಒಂದ್ ಮಾತು ಅಂದಿದ್ರೆ ನಾನು ಯಜಮಾನ್ರಿಗೆ ಹೇಳ್ತಿದ್ದೆ. ಅವ್ರು ಬ್ಯಾಡ ಅಂತಿರ್ಲಿಲ್ಲ ಕಣ್ಲಾ." ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಆನೆ ಬಂದೈತೆ ಅಂದ್ರೆ ಪೂಜೆ ಬಿಟ್ಟು ಎದ್ ಬರಾಕಿಲ್ವಾ ಯಾರಾದ್ರೂ?"

ಅಕ್ಕ ಇನ್ನೊಂದು ಮುದ್ದೆ ಹಿಡಿದು ಬಂದಳು. ಸಾಕು ಎನ್ನಬೇಕಿತ್ತು, ಬಾಯಿ ಬರಲಿಲ್ಲ. ಅವಳು ಹಾಕಿಬಿಟ್ಟಳು.